ಏಳು ಮನೆಯ ಹಾಲು

ಯಂತ್ರ ಅಂಕಿ ಕೊಡಲಿಲ್ಲ. ಪಕ್ಕದ ನಳಿಕೆಗಳಿಗೆಲ್ಲ ಹನ್ನೊಂದು, ಹದಿನಾಲ್ಕು, ಒಂಬತ್ತು ಎಂದು ಬಂದಿದ್ದ ಜಾಗದಲ್ಲಿ ನೂರಾ ಹದಿನೆಂಟನೆಯ ನಳಿಕೆಗೆ ಮಾತ್ರ ಅಳತೆಯ ಮಿತಿ ಮೀರಿದೆ ಎಂಬ ಬಾಣದ ಗುರುತಿತ್ತು. ಅಂದರೆ ಮೂವತ್ತರಿಂದ ನೂರರೊಳಗೆ ಇರಬೇಕಾದ ವಿಟಮಿನ್ ಡಿ ಆ ರಕ್ತದಲ್ಲಿ ನೂರೈವತ್ತಕ್ಕಿಂತ ಹೆಚ್ಚು. ಎಷ್ಟು ಹೆಚ್ಚು ಎಂದು ಹೇಳಲು ನಮ್ಮ ಯಂತ್ರಕ್ಕೆ ಬರುವುದಿಲ್ಲ.

ನಾನು ಮೊದಲಿನಿಂದಲೂ ಹೆದರುಪುಕ್ಕಲಿ. ಡೊಂಬಿವಲಿಯ ಮನೆಗೆ ಬೀಗ ಹಾಕಿ ಎರಡು ಮಹಡಿ ಇಳಿದ ಮೇಲೆ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮತ್ತೆ ಹತ್ತುವವಳು. ಮನೆಯವರು ನಗುತ್ತಾರೆ. ಆದರೆ ಹದಿನೆಂಟು ವರ್ಷಗಳಿಂದ ರಕ್ತದ ನಳಿಕೆಗಳ ನಡುವೆ ಒಂದೂ ಅದಲುಬದಲು ಮಾಡದೆ ಉಳಿದಿದ್ದೇನೆಂದರೆ ಅದಕ್ಕೆ ಈ ಹೆದರಿಕೆಯೇ ಕಾರಣ. ಆ ಮಧ್ಯಾಹ್ನವೂ ನಾನು ಮೊದಲು ಹೆದರಿದ್ದು ನನ್ನ ಸಲುವಾಗಿಯೇ. ಎಲ್ಲಿ ತಪ್ಪಿದೆ? ಚೀಟಿ ಅಂಟಿಸುವಾಗಲೇ? ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಸೀರಂ ಎಂಬ ತಿಳಿನೀರು ಬೇರ್ಪಡಿಸುವಾಗಲೇ? ಕೆಲಸ ಹೋದರೆ ಈ ವಯಸ್ಸಿನಲ್ಲಿ ಯಾರು ಕರೆಯುತ್ತಾರೆ? ನೂರಾ ಹದಿನೆಂಟು ಎಂಬುದು ಜೀವವಿರುವ ಒಬ್ಬ ಹುಡುಗಿ ಎಂದು ನೆನಪಾಗಲು ನನಗೆ ಸುಮಾರು ಹತ್ತು ನಿಮಿಷ ಹಿಡಿಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ನಮ್ಮ ಲ್ಯಾಬ್ ಇರುವುದು ನವಿ ಮುಂಬಯಿಯಲ್ಲಿ, ಘಣಸೋಲಿ ಸ್ಟೇಷನ್ನಿನಿಂದ ರಿಕ್ಷಾ ದೂರದಲ್ಲಿ. ಆ ವರ್ಷ ನಾವು ಹಿಡಿದಿದ್ದ ಅಧ್ಯಯನದ ಪ್ರಶ್ನೆ ಇಷ್ಟೇ. ದಪ್ಪ ಇರುವವರ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇರುತ್ತದೆ. ದಪ್ಪದಿಂದಾಗಿ ಡಿ ಕಡಿಮೆಯಾಯಿತೋ, ಡಿ ಕಡಿಮೆಯಾದ್ದರಿಂದ ದಪ್ಪವಾದರೋ? ಹೊರಗಿನಿಂದ ನೋಡಿದರೆ ಹೇಳಲಾಗದು. ಅದಕ್ಕೇ ಜೀನು, ಅಂದರೆ ವಂಶವಾಹಿ, ನೋಡುವುದು. ಜೀನು ತಾಯಿಯ ಹೊಟ್ಟೆಯಲ್ಲೇ ಬಂದದ್ದು, ಅದರ ಮೇಲೆ ಬಿಸಿಲು, ಊಟ, ಕೆಲಸ ಯಾವುದರ ಕೈಯೂ ನಡೆಯುವುದಿಲ್ಲ. ಮೈ ಬೆಳೆಸುವ ಜೀನು ಹೊತ್ತು ಹುಟ್ಟಿದವರಲ್ಲಿ ಡಿ ಕಡಿಮೆ ಕಂಡರೆ, ದಪ್ಪವೇ ಮೊದಲು, ಕೊರತೆ ಆಮೇಲೆ. ಕೊಬ್ಬು ಆ ಸತ್ವವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಬಿಡುವುದಿಲ್ಲ. ಬೇರೆ ಕಡೆಯ ಸಂಶೋಧನೆಗಳೂ ಬಹುಮಟ್ಟಿಗೆ ಇದನ್ನೇ ಹೇಳುತ್ತಿದ್ದವು. ನಮ್ಮ ಭಾಗದ ಜನರಲ್ಲಿ ಹೇಗಿದೆ ಎಂದು ನೋಡುವುದು ನಮ್ಮ ಕೆಲಸವಾಗಿತ್ತು.

ಕನ್ನಡ ಬಲ್ಲವಳೆಂದು ಥಾಣೆಯ ಪಕ್ಕದ ಕಳವಾ ಎಂಬ ಊರಿನ ಗಲ್ಲಿಯೊಂದನ್ನು ನನಗೆ ವಹಿಸಿದರು. ರೈಲು ಕಾರ್‌ಶೆಡ್ಡಿನ ಗೋಡೆಗೆ ಒತ್ತಿಕೊಂಡಿರುವ ಒಂದೊಂದೇ ಕೋಣೆಯ ಖೋಲಿಗಳು, ಅಲ್ಲಿರುವವರು ಕಲಬುರಗಿ ಕಡೆಯವರು. ಗಂಡಸರು ಭಿವಂಡಿಯ ಗೋದಾಮುಗಳಲ್ಲಿ ಮಾಲು ಹೊರುತ್ತಾರೆ. ಬಿಸಿಲು ಎಂಬುದು ಆ ಗಲ್ಲಿಗೆ ಇಳಿಯುವುದೇ ಇಲ್ಲ. ಏಳು ಮನೆಗಳಿಂದ ಏಳು ಹೆಂಗಸರು ಒಪ್ಪಿದರು. ನಮ್ಮ ಮನೆಮಾತು ತುಳು, ನನ್ನ ಕನ್ನಡ ಮಂಗಳೂರಿನದು. ನಾನು ಬಾಯಿ ತೆರೆದರೆ ಸಾಕು, ಪುಸ್ತಕ ಓದಿದ ಹಾಗೆ ಮಾತಾಡ್ತೀರಿ ಅಕ್ಕಾರ ಎಂದು ಅವರು ನಗುತ್ತಿದ್ದರು. ನನಗೂ ಆ ಗಲ್ಲಿ ಹಿಡಿಸಿತು.

ಮೊದಲ ರಕ್ತದಲ್ಲಿ ಏಳೂ ಮಂದಿಗೆ ಡಿ ಕಡಿಮೆ ಬಂತು. ನಿಯಮದಂತೆ ಪುಡಿಯ ಪೊಟ್ಟಣ ಕೊಟ್ಟೆವು. ಬಲವಾದ ಮದ್ದು ಅದು, ವಾರಕ್ಕೆ ಒಂದೇ, ಹಾಲಿನಲ್ಲಿ ಕಲಸಿ ಕುಡಿಯಬೇಕು, ಎಂಟು ವಾರ. ನಾಲ್ಕು ನಾಲ್ಕರಂತೆ ಎರಡು ಸಲ ಹಂಚುವುದು. ಎರಡನೆಯ ಸಲ ಹೋದಾಗ ಹಿಂದಿನ ಖಾಲಿ ಪೊಟ್ಟಣ ವಾಪಸು ಕೊಟ್ಟರೆ ಮಾತ್ರ ಹೊಸದು. ಖಾಲಿ ಪೊಟ್ಟಣ ಬಂದರೆ ಮದ್ದು ಹೊಟ್ಟೆಗೆ ಹೋಗಿದೆ ಎಂದು ಬರೆದುಕೊಳ್ಳುವುದು ನಮ್ಮ ಕ್ರಮ. ಬೇರೆ ಕಡೆ ಅರ್ಧಕ್ಕರ್ಧ ಕಳೆದುಹೋಗುತ್ತಿದ್ದವು. ನನ್ನ ಗಲ್ಲಿಯಿಂದ ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟೂ ಬಂದವು, ರಬ್ಬರ್ ಬ್ಯಾಂಡ್ ಹಾಕಿ. ನಾನು ಲ್ಯಾಬಿನಲ್ಲಿ ಅದನ್ನು ಎಲ್ಲರಿಗೂ ತೋರಿಸಿ ಮೆರೆದಿದ್ದೆ.

ನೂರಾ ಹದಿನೆಂಟು ಆ ಗಲ್ಲಿಯ ಹುಡುಗಿ. ಇಪ್ಪತ್ತೆರಡು ವರ್ಷ, ಥಾಣೆಯ ಶಾಪಿಂಗ್ ಮಾಲ್ ಒಂದರಲ್ಲಿ ಬಿಲ್ಲಿಂಗ್ ಕೌಂಟರಿನ ಕೆಲಸ. ಏಳು ಮಂದಿಯಲ್ಲಿ ಎಲ್ಲರಿಗಿಂತ ತೂಕ ಅವಳದ್ದೇ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಆರನೆಯ ವಾರದ ರಕ್ತ ತೆಗೆಯುವಾಗ ಮುಖ ಇಳಿದಿತ್ತು, ಕೈಯ ಬಳೆ ಸಡಿಲವಾಗಿತ್ತು. ನಾನು ಏನೆಂದೆ ಗೊತ್ತೇ? ‘ಚಂದ ಇಳಿದಿದ್ದೀ ಮಾರಾಯ್ತಿ’ ಎಂದೆ. ಅವಳು ನಕ್ಕಳು. ಸುತ್ತ ಕುಳಿತ ಹೆಂಗಸರು ನನಗಿಂತ ಜೋರಾಗಿ ನಕ್ಕರು. ಆ ನಗುವಿನಲ್ಲಿ ಏನೋ ಇತ್ತು, ನಾನು ಕೇಳಲಿಲ್ಲ.

ಆ ರಕ್ತ ಶೀತಕದಲ್ಲಿ ಎಂಟು ದಿನ ಕಾದಿತ್ತು. ನಳಿಕೆಗಳು ತೊಂಬತ್ತು ಸೇರಿದ ಮೇಲೆಯೇ ಒಟ್ಟಿಗೆ ಯಂತ್ರಕ್ಕೆ ಹಾಕುವುದು ರೂಢಿ.

ಬಾಣದ ಗುರುತು ನೋಡಿ ನಮ್ಮ ಅಧ್ಯಯನದ ಮುಖ್ಯಸ್ಥೆಗೆ ಫೋನ್ ಮಾಡಿದೆ. ಮೈಸೂರಿನವರು, ಡಾಕ್ಟರು, ಅಳೆದು ತೂಗಿ ಮಾತಾಡುವ ಹೆಂಗಸು. ಆ ದಿನ ಕಲ್ಯಾಣದಲ್ಲಿ ಸಭೆಯೊಂದರಲ್ಲಿದ್ದರು. ಗಾಬರಿ ಬೇಡ, ಮೊದಲು ಅದೇ ರಕ್ತದ ಕಾಯ್ದಿಟ್ಟ ಎರಡನೆಯ ಭಾಗ ತೆಗೆದು ಮತ್ತೆ ಓಡಿಸಿ, ತೆಳುವಾಗಿಸಿ ನೋಡಿ, ನಾಳೆ ಬೆಳಿಗ್ಗೆ ಕೂತು ಮಾತಾಡೋಣ, ಅಷ್ಟರವರೆಗೆ ಆ ಮನೆಯವರಿಗೆ ಏನೂ ಹೇಳಬೇಡಿ ಎಂದರು. ಸರಿಯಾದ ಮಾತೇ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಎರಡನೆಯ ಭಾಗದ ಮೇಲಿನ ಚೀಟಿ ನನ್ನದೇ ಕೈಬರಹ. ನಾಲ್ಕು ಪಟ್ಟು ತೆಳುವಾಗಿಸಿ ಹಾಕಿದೆ. ಗುಣಿಸಿ ನೋಡಿದರೆ ಇನ್ನೂರ ಅರವತ್ತು. ಇನ್ನೊಮ್ಮೆ ಹಾಕಿದೆ. ಇನ್ನೂರ ಅರವತ್ತೆರಡು. ಹಾಗಾದರೆ ಯಂತ್ರದ್ದು ತಪ್ಪಿಲ್ಲ. ನಳಿಕೆ ಅದಲುಬದಲಾಗಿದ್ದರೂ ಆ ಪ್ರಮಾಣ ಯಾರದಾದರೂ ರಕ್ತದಲ್ಲಿ ಇರಲೇಬೇಕಲ್ಲ? ಗಲ್ಲಿಯ ಉಳಿದ ಆರು ಮಂದಿಯ ಅಂಕಿಗಳನ್ನು ಪಕ್ಕದಲ್ಲಿ ಬರೆದುಕೊಂಡೆ. ಆರು ವಾರ ಮದ್ದು ಕುಡಿದವರದ್ದು ಕನಿಷ್ಠ ಎರಡು ಪಟ್ಟು ಏರಿರಬೇಕಿತ್ತು. ಆರೂ ಮಂದಿಯದ್ದು ಮೊದಲಿನಂತೆಯೇ ಇತ್ತು, ಒಂದು ಗೆರೆಯೂ ಮೇಲಕ್ಕೆ ಹೋಗಿರಲಿಲ್ಲ. ಖಾಲಿ ಪೊಟ್ಟಣಗಳು ಮಾತ್ರ ಎಲ್ಲರದ್ದೂ ಬಂದಿದ್ದವು.

ಆರು ಮನೆಯ ಮದ್ದು ಎಲ್ಲಿಗೆ ಹೋಗಿದೆ ಎಂದು ಆ ಏಳು ಅಂಕಿಗಳು ಹೇಳುತ್ತಿದ್ದವು.

ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಕೊಲ್ಲುವುದು ಅದು. ಮೂತ್ರಪಿಂಡ ಕೆಡುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಆದರೆ ಕ್ಯಾಲ್ಸಿಯಂ ಪರೀಕ್ಷೆ ನಮ್ಮ ಅಧ್ಯಯನದಲ್ಲಿ ಇರಲಿಲ್ಲ. ಅನುಮತಿ ಪತ್ರದಲ್ಲಿ ಡಿ ಮತ್ತು ಜೀನು ಎರಡಕ್ಕೇ ಅವಳು ಸಹಿ ಹಾಕಿದ್ದು. ಬೇರೆ ಏನನ್ನು ನೋಡಿದರೂ ನಿಯಮಭಂಗ. ನಾನು ನಿಯಮ ಮುರಿದವಳಲ್ಲ, ಸಿಗ್ನಲ್ ಇಲ್ಲದ ರಸ್ತೆಯಲ್ಲೂ ನಿಂತು ದಾಟುವವಳು. ನಳಿಕೆಯಲ್ಲಿ ಇನ್ನೂ ಸ್ವಲ್ಪ ತಿಳಿನೀರು ಉಳಿದಿತ್ತು. ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಕೊನೆಗೆ ಪಕ್ಕದ ಯಂತ್ರಕ್ಕೆ ಹಾಕಿ ಗುಂಡಿ ಒತ್ತಿದೆ. ಹತ್ತರ ಆಸುಪಾಸು ಇರಬೇಕಾದದ್ದು ಹದಿಮೂರೂವರೆ ಬಂತು. ಎಂಟು ದಿನದ ಹಿಂದಿನ ರಕ್ತ. ಈ ಎಂಟು ದಿನದಲ್ಲಿ ಇನ್ನೂ ಎಂಟು ಪೊಟ್ಟಣ ಹೋಗಿರಬಹುದು.

ನಾಳೆ ಎಂಬ ಮಾತು ಅಲ್ಲಿಗೆ ಮುಗಿಯಿತು. ಮುಖ್ಯಸ್ಥೆಗೆ ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ‘ಕ್ಯಾಲ್ಸಿಯಂ ನೋಡಿದೆ, ಹದಿಮೂರೂವರೆ, ಕಳವಾಕ್ಕೆ ಹೋಗುತ್ತಿದ್ದೇನೆ’ ಎಂದು ಬರೆದು ಕಳಿಸಿ ಚೀಲ ಎತ್ತಿಕೊಂಡೆ. ಹುಡುಗಿಯ ಫೋನ್ ಬಂದ್ ಇತ್ತು.

ಘಣಸೋಲಿಯಿಂದ ಥಾಣೆಗೆ ರೈಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಆ ದಿನ ರಬಾಳೆಯಲ್ಲಿ ನಿಂತಿತು, ಐರೋಳಿ ದಾಟಿ ಮತ್ತೆ ನಿಂತಿತು. ಹೆಂಗಸರ ಡಬ್ಬಿಯಲ್ಲಿ ಒಬ್ಬಳು ಮೆಂತ್ಯ ಸೊಪ್ಪು ಬಿಡಿಸುತ್ತಾ ಕುಳಿತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಇಷ್ಟು ನಿಶ್ಚಿಂತೆಯಾಗಿ ಹೇಗೆ ಕೂರುತ್ತಾಳೆ ಎಂದು. ಮನಸ್ಸಿನಲ್ಲಿ ದೇವರ ಹೆಸರಿನ ಜೊತೆಗೆ ಬೇರೆಯದೂ ಓಡುತ್ತಿತ್ತು. ಹುಡುಗಿಗೇನಾದರೂ ಆಗಿದ್ದರೆ ಮೊದಲು ಕೇಳುವುದು ಯಾರನ್ನು? ಪೊಟ್ಟಣ ಹಂಚಿದವಳನ್ನು. ಥಾಣೆಯಲ್ಲಿ ಮೆಟ್ಟಿಲು ಹತ್ತಿ ಇಳಿದು, ನಿಧಾನದ ಲೋಕಲ್ ಹಿಡಿದು, ಮುಂದಿನ ಸ್ಟೇಷನ್ ಕಳವಾದಲ್ಲಿ ಇಳಿದು ಗಲ್ಲಿಯ ಕಡೆ ಓಡಿದೆ.

ಹುಡುಗಿ ಮನೆಯಲ್ಲೇ ಇದ್ದಳು. ನೆಲದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು, ತಲೆಯ ಬಳಿ ನೀರಿನ ಎರಡು ಬಾಟಲಿ, ಪಕ್ಕದಲ್ಲಿ ವಾಂತಿಗೆ ಇಟ್ಟ ಬಕೆಟ್ಟು. ನನ್ನನ್ನು ನೋಡಿ ‘ಆಂಟಿ, ಚಕ್ಕರ್ ಆ ರಹಾ ಹೈ’ ಎಂದಳು, ತಲೆ ಸುತ್ತುತ್ತಿದೆಯಂತೆ. ಆಮೇಲೆ ನಾನು ಯಾರೆಂದು ಮರೆತವಳಂತೆ ನೋಡತೊಡಗಿದಳು. ನಾಲ್ಕು ದಿನದಿಂದ ಕೆಲಸಕ್ಕೆ ಹೋಗಿಲ್ಲ, ಏನು ತಿಂದರೂ ನಿಲ್ಲುವುದಿಲ್ಲ, ನೀರು ಮಾತ್ರ ಕೊಡಗಟ್ಟಲೆ ಕುಡಿಯುತ್ತಾಳೆ ಎಂದು ಅವಳ ತಾಯಿ ಹೇಳಿದಳು. ಹೇಳುವಾಗ ಆಕೆಯ ಮುಖದಲ್ಲಿ ಗಾಬರಿಯೇ ಇರಲಿಲ್ಲ. ಅದು ನನ್ನನ್ನು ಇನ್ನಷ್ಟು ಹೆದರಿಸಿತು.

‘ಪೊಟ್ಟಣ ಯಾರು ಯಾರದ್ದು ಕುಡಿದಿದ್ದಾಳೆ? ನಿಜ ಹೇಳಿ’ ಎಂದೆ.

ತಾಯಿ ಸೆರಗು ಸರಿಮಾಡಿಕೊಂಡಳು. ‘ಬೈಬ್ಯಾಡ್ರಿ ಅಕ್ಕಾರ. ಲಗ್ನ ಗೊತ್ತಾಗ್ಯಾದ. ಗಂಡಿನೋರು ಹುಡುಗಿ ಸ್ವಲ್ಪ ಇಳೀಬೇಕು ಅಂದ್ರು. ಏಳೂ ಮನ್ಯಾಗ ದಿನಾ ಒಬ್ಬೊಬ್ರು ಕರದು ಹಾಲು ಕೊಟ್ಟಾರ.’

ಮದುವೆ ಗೊತ್ತಾದ ಹುಡುಗಿಯನ್ನು ನೆರೆಮನೆಯವರು ಸರದಿಯಂತೆ ಕರೆದು ಉಣ್ಣಿಸುವುದು ಆ ಗಲ್ಲಿಯವರ ರೂಢಿ. ಸೋಮವಾರ ಮೂಲೆಮನೆಯವರು, ಮಂಗಳವಾರ ಪಕ್ಕದವರು, ಹೀಗೆ. ಇವಳಿಗೆ ಉಣ್ಣಿಸಿದರೆ ಇನ್ನೂ ದಪ್ಪವಾದಾಳು ಎಂದು ಹೋಳಿಗೆ ತುಪ್ಪದ ಬದಲು ಲೋಟ ಹಾಲು. ಆ ಹಾಲಿನಲ್ಲಿ ತಮ್ಮ ತಮ್ಮ ಪಾಲಿನ ಪುಡಿ. ತಮ್ಮ ಕೊರತೆಗೆಂದು ಕೊಟ್ಟ ಮದ್ದನ್ನು ಒಬ್ಬಳೂ ತನಗೆಂದು ಇಟ್ಟುಕೊಂಡಿರಲಿಲ್ಲ. ವಾರಕ್ಕೊಂದು ಎಂದು ನಾನು ಹೇಳಿದ್ದನ್ನು ಪ್ರತಿ ಮನೆಯೂ ಅಕ್ಷರಶಃ ಪಾಲಿಸಿತ್ತು. ಹುಡುಗಿಯ ಹೊಟ್ಟೆಗೆ ಮಾತ್ರ ದಿನಕ್ಕೊಂದು ಹೋಗುತ್ತಿತ್ತು. ವಾಂತಿಯಾಗಿ ಮೈ ಇಳಿದಂತೆಲ್ಲ, ಮದ್ದು ಹತ್ತಿದೆ ಎಂದು ಅವರು ಹಿಗ್ಗಿದ್ದರು.

‘ಇದು ಮೈ ಇಳಿಸುವ ಮದ್ದು ಎಂದು ಯಾರು ಹೇಳಿದರು ನಿಮಗೆ?’

‘ನೀವೇ ಹೇಳಿದ್ರಲ್ರೀ. ದಪ್ಪ ಇದ್ದೋರಿಗೆ ಈ ಸತ್ವ ಕಮ್ಮಿ ಇರ್ತದ ಅಂತ. ತುಂಬಿಕೊಟ್ರ ದಪ್ಪ ಕಮ್ಮಿ ಆಗ್ತದಲ್ಲ?’

ಹೌದು, ನಾನೇ ಹೇಳಿದ್ದೆ. ಇದೇ ಬಾಗಿಲಲ್ಲಿ ಕುಳಿತು, ಚಹ ಕುಡಿಯುತ್ತಾ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತ ಅಧ್ಯಯನ ನಮ್ಮದು. ಅದನ್ನು ಹೇಳುವಾಗ ಆ ಒಂದನ್ನೇ ನಾನು ಬಿಟ್ಟಿದ್ದೆ.

ರಿಕ್ಷಾದಲ್ಲಿ ಹುಡುಗಿಯ ತಲೆ ನನ್ನ ಹೆಗಲ ಮೇಲಿತ್ತು. ನಾಡಿ ಹಿಡಿದೇ ಕುಳಿತಿದ್ದೆ. ನಡುವೆ ನಡುವೆ ಒಂದು ಬಡಿತ ತಪ್ಪಿದಂತಾಗುತ್ತಿತ್ತು. ಆಸ್ಪತ್ರೆಯಲ್ಲಿ ಸಾಲು ಉದ್ದವಿತ್ತು. ನಾನು ಜೀವನದಲ್ಲಿ ಮೊದಲ ಸಲ ಸಾಲು ಮುರಿದು ಒಳಗೆ ನುಗ್ಗಿ, ಕ್ಯಾಲ್ಸಿಯಂ ಅಂಕಿ ಬರೆದ ಚೀಟಿಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟೆ. ಅವರು ಚೀಟಿ ನೋಡಿದರು, ಹುಡುಗಿಯನ್ನು ನೋಡಿದರು, ಎದ್ದು ನಿಂತರು. ಆ ಹೊತ್ತಿನ ರಕ್ತದಲ್ಲಿ ಕ್ಯಾಲ್ಸಿಯಂ ಹದಿನೈದು ದಾಟಿತ್ತು. ಎರಡೂ ಕೈಗೆ ಸಲೈನ್ ಹಚ್ಚಿದರು, ಎದೆಗೆ ತಂತಿ ಅಂಟಿಸಿದರು. ಆಗ ಮಾತ್ರ ತಾಯಿ ನನ್ನ ತೋಳು ಹಿಡಿದಳು. ‘ಉಳೀತಾಳಿಲ್ರೀ?’ ಎಂದಳು. ನಾನು ಉಳಿಯುತ್ತಾಳೆ ಎಂದೆ. ನನಗೆ ಗೊತ್ತಿರಲಿಲ್ಲ.

ಸಂಜೆಗೆ ಮುಖ್ಯಸ್ಥೆ ಕಲ್ಯಾಣದಿಂದ ನೇರ ಬಂದರು. ನಿಯಮ ಮುರಿದದ್ದಕ್ಕೆ ಬೈಯುತ್ತಾರೆಂದು ನಾನು ತಯಾರಾಗಿದ್ದೆ. ಅವರು ಬೆಂಚಿನ ಮೇಲೆ ನನ್ನ ಪಕ್ಕ ಕುಳಿತು, ‘ನಾಳೆ ಎಂದವಳು ನಾನು, ಅದನ್ನೂ ವರದಿಯಲ್ಲಿ ಬರೆಯಿರಿ’ ಎಂದರು.

ಮರುದಿನದ ಕೆಲಸ ಗಲ್ಲಿಯಲ್ಲಿ. ಪ್ರತಿ ಮನೆಗೂ ಹೋಗಿ ಉಳಿದ ಪೊಟ್ಟಣ ವಾಪಸು ಪಡೆದೆ. ಹಂಚಿದ್ದು ಐವತ್ತಾರು. ದಿನಕ್ಕೊಂದರಂತೆ ಏಳು ವಾರದ ಮೇಲೆ ಒಂದು ದಿನ, ಐವತ್ತು ಹೋಗಿರಬೇಕು. ಆರು ಉಳಿಯಬೇಕಿತ್ತು, ಸಿಕ್ಕಿದ್ದು ಒಂದು. ಐದಕ್ಕೆ ಖಾಲಿ ಪೊಟ್ಟಣವೂ ಇಲ್ಲ. ಕೆಲವು ದಿನ ಎರಡೆರಡು ಕುಡಿಸಿರಬೇಕು, ಕವರು ಕಸಕ್ಕೆ ಹೋಗಿರಬೇಕು ಎಂದು ಹುಡುಗಿಯ ತಾಯಿ ಹೇಳಿದಳು. ಹೆಂಗಸರೆಲ್ಲ ಅಳುತ್ತಿದ್ದರು. ಅಳುವವರ ಮುಂದೆ ಲೆಕ್ಕ ಕೆದಕಲು ನನಗೆ ಬಾಯಿ ಬರಲಿಲ್ಲ. ಬರೆದುಕೊಂಡು ಬಂದೆ.

ಕ್ಯಾಲ್ಸಿಯಂ ಇಳಿಯಲು ಮೂರು ವಾರ ಹಿಡಿಯಿತು. ಇಳಿಯುವುದು, ಮತ್ತೆ ಏರುವುದು. ಯಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೊಬ್ಬು ಹಿಡಿದಿಟ್ಟುಕೊಂಡದ್ದನ್ನು ಒಂದೇ ಸಲಕ್ಕೆ ಬಿಡುವುದಿಲ್ಲ. ಮೈ ಕರಗಿದಂತೆಲ್ಲ ಒಳಗೆ ಅಡಗಿದ ಮದ್ದು ರಕ್ತಕ್ಕೆ ಇಳಿಯುತ್ತಿತ್ತು. ನಾನು ಸಭೆಗಳಲ್ಲಿ ಚಿತ್ರ ಬಿಡಿಸಿ ತೋರಿಸುತ್ತಿದ್ದ ಸಂಗತಿಯೇ ಆಸ್ಪತ್ರೆಯ ಮಂಚದ ಮೇಲೆ ನಡೆಯುತ್ತಿತ್ತು. ಪ್ರತಿ ಬೆಳಿಗ್ಗೆ ಡೊಂಬಿವಲಿಯಿಂದ ಹೊರಟು ಕಳವಾದಲ್ಲಿ ಇಳಿದು, ಅಂಕಿ ಕೇಳಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ.

ಅಲ್ಲಿನ ಮೂತ್ರಪಿಂಡದ ಡಾಕ್ಟರಿಗೆ ಒಂದು ಅನುಮಾನ ಬಂತು. ಇಷ್ಟು ಕುಡಿದರೂ ಇಷ್ಟೊಂದು ಏರಬಾರದು, ಮನೆಯಲ್ಲಿ ಯಾರಿಗಾದರೂ ಮೂತ್ರಕಲ್ಲಿನ ತೊಂದರೆ ಇದೆಯೇ ಎಂದು ಕೇಳಿದರು. ಅಪ್ಪನಿಗೆ ಇತ್ತು, ಅಪ್ಪನ ಅಕ್ಕನಿಗೂ ಇತ್ತು. ಹೊಸದಾಗಿ ಸಹಿ ಪಡೆದು ಹುಡುಗಿಯ ಜೀನು ಬೇರೆ ರೀತಿಯಲ್ಲಿ ಓದಿಸಿದೆವು. ಮೈಯಲ್ಲಿ ಹೆಚ್ಚಾದ ಡಿಯನ್ನು ಒಡೆದು ಹೊರಹಾಕಲು ಒಂದು ಜೀನು ಇದೆ, ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ. ಇವಳಲ್ಲಿ ಒಂದು ಪ್ರತಿ ಕೆಟ್ಟಿತ್ತು. ಮಕ್ಕಳಲ್ಲಿ ಯಾರಿಗೆ ಬಂದಿದೆ, ಯಾರಿಗೆ ಇಲ್ಲ, ನೋಡದೆ ಹೇಳಲಾಗದು. ಅವಳಿಗೆ ಒಬ್ಬ ತಂಗಿ ಇದ್ದಾಳೆ, ಹದಿನಾರು ವರ್ಷ, ಅಕ್ಕನದೇ ಮೈಕಟ್ಟು. ತಂಗಿಯ ಪರೀಕ್ಷೆಯೂ ಆಗಬೇಕು ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಶಾಲೆಯ ಪರೀಕ್ಷೆ ಮುಗಿದ ಮೇಲೆ ಬರುತ್ತಾಳೆಂದು ಅಪ್ಪ ಹೇಳಿದ. ಅಲ್ಲಿಗೆ ಅದು ನಿಂತಿತು.

ಹುಡುಗಿ ಉಳಿದಳು. ಮೂತ್ರಪಿಂಡದ ಕೆಲಸ ಪೂರ್ತಿ ಮೊದಲಿನಂತಾಗಲಿಲ್ಲ, ಆದರೆ ಉಳಿದಳು. ಲಗ್ನ ಮುಂದಕ್ಕೆ ಹೋಯಿತು, ಮುರಿಯಲಿಲ್ಲ.

ನಾಲ್ಕು ತಿಂಗಳ ಮೇಲೆ ಗಲ್ಲಿಯ ಕೊನೆಯ ರಕ್ತ ತೆಗೆಯಲು ಹೋದೆ. ಹುಡುಗಿ ಕೆಲಸಕ್ಕೆ ಹೋಗಿದ್ದಳು, ಅವಳ ಹೊಸ ಫೋಟೋ ಗೋಡೆಯ ಮೇಲಿತ್ತು. ಗುರುತೇ ಸಿಗದಷ್ಟು ಸಣಕಲು. ತಾಯಿ ಅದನ್ನು ಸೆರಗಿನಿಂದ ಒರೆಸಿ ತೋರಿಸಿದಳು. ತಂಗಿ ನನಗೆ ನೀರು ತಂದುಕೊಟ್ಟು, ಬಾಗಿಲಲ್ಲೇ ನಿಂತು ತಾನೂ ಒಂದು ಲೋಟ ಕುಡಿದಳು. ಈ ಸಲ ನಾನು ಸರಿಯಾಗಿ ಹೇಳಬೇಕೆಂದು ನಿಶ್ಚಯಿಸಿಕೊಂಡು ಬಂದಿದ್ದೆ. ದಪ್ಪದಿಂದ ಸತ್ವ ಕಡಿಮೆಯಾಗುತ್ತದೆ, ಸತ್ವ ತುಂಬಿದರೆ ದಪ್ಪ ಕರಗುವುದಿಲ್ಲ, ಇಳಿದದ್ದು ವಿಷದಿಂದ, ಅಕ್ಕನ ರಕ್ತದಲ್ಲಿ ಇರುವ ದೋಷ ತಂಗಿಯಲ್ಲೂ ಇರಬಹುದು. ಒಂದೊಂದನ್ನೂ ಹೇಳಿ, ಈಗ ನೀವು ನನಗೆ ತಿರುಗಿ ಹೇಳಿ ಎಂದೆ.

ತಾಯಿ ಹೇಳಲಿಲ್ಲ. ಬದಲಿಗೆ ಮೆಲ್ಲಗೆ ಕೇಳಿದಳು: ‘ಹೆಚ್ಚಾಗಿದ್ದಕ್ಕ ಹಿಂಗಾತು ಅಂತ ಡಾಕ್ಟರು ಅಂದ್ರಲ್ರೀ. ತಿಂಗಳಿಗೊಂದಽ ಕೊಟ್ರ ಏನೂ ಆಗಂಗಿಲ್ಲಲ್ಲ?’

ಯಾರಿಗೆ ಎಂದು ನಾನು ಕೇಳಲಿಲ್ಲ. ಆಕೆ ಎದ್ದು ದೇವರ ಹಲಗೆಯ ಹಿಂದಿನಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ಮುಚ್ಚಳ ತೆಗೆದೆ. ಆ ದಿನ ಲೆಕ್ಕಕ್ಕೆ ಸಿಗದ ಪೊಟ್ಟಣ ಐದು ಇರಬೇಕಿತ್ತು. ಮೂರಿದ್ದವು.

ಚಿಕ್ಕವಳ ಕ್ಯಾಲ್ಸಿಯಂ ನೋಡಲೇ ಎಂದು ತಾಯಿಯನ್ನು ಕೇಳಿದೆ. ಆಕೆ ಹೂಂ ಎಂದು ತಲೆಯಾಡಿಸಿದಳು. ಚೀಲದಿಂದ ಸೂಜಿ, ತೋಳಿಗೆ ಕಟ್ಟುವ ಪಟ್ಟಿ, ಖಾಲಿ ನಳಿಕೆ ತೆಗೆದಿಟ್ಟು, ಬಾಗಿಲಲ್ಲಿ ಎರಡನೆಯ ಲೋಟ ನೀರು ತುಂಬಿಕೊಳ್ಳುತ್ತಿದ್ದ ತಂಗಿಯನ್ನು ಹತ್ತಿರ ಕರೆದೆ.